ಟಾರ್ಪಾಲಿನ ಕೆಳಗೆ ಬೂಷ್ಟು

ಶಿಡ್ಲಘಟ್ಟದ ಕಡೆಯ ನಮ್ಮೂರಿನಲ್ಲಿ ದೋಣಿ ನೋಡಿದವರೇ ಕಡಿಮೆ. 2021ರ ನವೆಂಬರ್ ಮಳೆಗೆ ಕೆರೆ ಕೋಡಿ ಬಿತ್ತು. ಊರಿಗೆ ಊರೇ ಹೋಗಿ ಬಾಗಿನ ಕೊಟ್ಟೆವು. ಮಾರನೇ ವರ್ಷ ಅಣ್ಣ ನಾಲ್ಕು ಜನರ ಜೊತೆ ಸೇರಿ ಕೆರೆಯನ್ನು ಮೀನಿಗೆ ಗುತ್ತಿಗೆ ಹಿಡಿದ. ಕಾಟ್ಲಾ, ರೋಹು ಮರಿ ಬಿಟ್ಟರು. ಹಳೆಯ ಫೈಬರ್ ದೋಣಿಯೊಂದು ಬಂತು, ಸ್ಪಂಜಿನ ಸೀಟು, ನಾಲ್ಕು ಲೈಫ್ ಜಾಕೆಟ್ ಸಮೇತ.

2022ರಲ್ಲೂ ಮಳೆ ಬಿಡಲಿಲ್ಲ. ಆಗಸ್ಟ್ ಕೊನೆಯಲ್ಲಿ ದೋಣಿಯನ್ನು ದಡಕ್ಕೆ ಎಳೆದು, ನಾನೇ ಟಾರ್ಪಾಲು ಹೊದಿಸಿ ಸುತ್ತಲೂ ಬಿಗಿಯಾಗಿ ಕಟ್ಟಿದೆ. ಒಂದು ಹನಿ ಒಳಗೆ ಹೋಗಬಾರದು ಅನ್ನುವುದೊಂದೇ ತಲೆಯಲ್ಲಿತ್ತು. ಹೋಗಲೂ ಇಲ್ಲ. ಆದರೆ ತಳದಲ್ಲಿ ಒಂದೆರಡು ಚೊಂಬು ನೀರು ಉಳಿದಿತ್ತು. ಒದ್ದೆ ಹಗ್ಗ, ಒದ್ದೆ ಜಾಕೆಟ್ಟೂ ಅಲ್ಲೇ ಇದ್ದವು.

ಐದು ವಾರದ ಮೇಲೆ ಹಗ್ಗ ಬಿಚ್ಚಿದೆವು. ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಸೀಟಿನ ಮೇಲೆ ಕಪ್ಪು ಚುಕ್ಕೆ, ಜಾಕೆಟ್ಟಿನ ಪಟ್ಟಿಗಳಲ್ಲಿ ಹಸಿರು, ಹಗ್ಗದ ಮೇಲೆ ಬೂದಿ ಉದುರಿಸಿದ ಹಾಗೆ ಬೂಷ್ಟು. ನನಗೆ ಅಳುವೇ ಬಂತು.

ಬುತ್ತಿ ತಂದಿದ್ದ ಅಮ್ಮ ಬಗ್ಗಿ ನೋಡಿದಳು. "ಹುಳುಮನೇನ ಹಿಂಗೆ ಮುಚ್ಚಿ ಇಡ್ತೀವೇನಪ್ಪಾ?" ಅಂದಳು.

ಅಷ್ಟೇ ಮಾತು. ನನಗೆ ಥಟ್ಟನೆ ಅರ್ಥವಾಯಿತು. ನಮ್ಮದು ರೇಷ್ಮೆಹುಳ ಸಾಕುವ ಮನೆ, ಹುಳ ಸಾಕುವ ಕೋಣೆಯೇ ಹುಳುಮನೆ. ಮಳೆಗಾಲ, ಚಳಿಗಾಲದಲ್ಲಿ ಸುಣ್ಣಕಟ್ಟು ರೋಗ ಬಂದರೆ ಹುಳ ಸತ್ತು ಸೀಮೆಸುಣ್ಣದ ಹಾಗೆ ಬೆಳ್ಳಗೆ ಸೆಟೆಯುತ್ತದೆ. ಅದೂ ಬೂಷ್ಟಿನ ಜಾತಿಯದ್ದೇ. ಗಾಳಿ ಆಡಬೇಕು, ತೇವ ನಿಲ್ಲಬಾರದು ಅಂತ ಅಮ್ಮ ದಿನಾ ಹೇಳುತ್ತಿದ್ದಳು. ಆ ಬುದ್ಧಿ ದೋಣಿ ಹತ್ತಿರ ಬಂದಾಗ ನನಗೆ ಹೊಳೆದಿರಲೇ ಇಲ್ಲ.

ನಾನು ಒಣ ಬ್ರಷ್ಷಿನಲ್ಲಿ ಗಸಗಸ ಉಜ್ಜಲು ಹೋದೆ. ಅಮ್ಮ ಕೈ ಹಿಡಿದಳು. ಒಣಗಿದ್ದನ್ನು ಉಜ್ಜಿದರೆ ಪುಡಿ ಎದ್ದು ಎದೆಗೆ ಹೋಗುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡೆವು, ಮೊದಲು ನೀರು ಚಿಮುಕಿಸಿದೆವು. ದೋಣಿಯ ಮೈಯನ್ನು ಸೋಪು ನೀರಿನಲ್ಲಿ ತೊಳೆದು, ಆಮೇಲೆ ತೆಳುವಾದ ಬ್ಲೀಚಿಂಗ್ ನೀರು ಹಚ್ಚಿದೆವು. ಅಣ್ಣನ ಗೆಳೆಯನೊಬ್ಬ ವಿನೆಗರ್ ತಂದು ಅದರ ಜೊತೆ ಸುರಿಯಲು ಹೋದ. ಬೇಡ ಅಂತ ಕೂಗಿದೆ. ಎರಡೂ ಸೇರಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ. ಇದನ್ನು ದಯವಿಟ್ಟು ಯಾರೂ ಮರೆಯಬೇಡಿ.

ಜಾಕೆಟ್ಟಿಗೆ ಬ್ಲೀಚಿಂಗ್ ಮುಟ್ಟಿಸಲಿಲ್ಲ. ಬಟ್ಟೆ, ಹೊಲಿಗೆ ಸೋತರೆ ಜೀವಕ್ಕೇ ಅಪಾಯ ಅಲ್ವಾ? ಬರೀ ಸೋಪು, ಮೆತ್ತನೆ ಬ್ರಷ್ಷು. ಬಿಸಿಲಿನಲ್ಲೂ ಬಿಡಲಿಲ್ಲ. ಬಿಸಿಲು ಜಾಸ್ತಿ ಬಿದ್ದರೆ ಆ ಬಟ್ಟೆಯ ಬಲ ಕುಗ್ಗುತ್ತದೆ. ಆಗ ಹುಳುಮನೆ ಖಾಲಿ ಇತ್ತು. ಅಲ್ಲೇ ಹಗ್ಗ ಕಟ್ಟಿ ನೇತುಹಾಕಿದೆವು. ಪೂರ್ತಿ ಒಣಗಲು ನಾಲ್ಕು ದಿನ ಹಿಡಿಯಿತು.

ಸೀಟು ಮಾತ್ರ ಉಳಿಯಲಿಲ್ಲ. ಮೇಲೆ ಒರೆಸಿದರೆ ಚೊಕ್ಕವಾಗಿ ಕಂಡಿತು. ಕೊಯ್ದು ನೋಡಿದರೆ ಸ್ಪಂಜಿನ ಒಳಗೆಲ್ಲ ಕಪ್ಪು. ಎಸೆದು, ಹಲಗೆ ಹಾಕಿಸಿದೆವು.

ಈಗ ಟಾರ್ಪಾಲನ್ನು ದೋಣಿಗೆ ಅಂಟಿಸಿ ಕಟ್ಟುವುದಿಲ್ಲ. ನಡುವೆ ಉದ್ದಕ್ಕೆ ಬಿದಿರು ಕೊಟ್ಟು ಗುಡಾರದ ಹಾಗೆ ಎತ್ತರಿಸುತ್ತೇವೆ. ಎರಡೂ ತುದಿಯಲ್ಲಿ ಗಾಳಿಗೆ ಕಿಂಡಿ. ಮೂತಿಯ ಕೆಳಗೆ ಕಲ್ಲು ಕೊಟ್ಟು, ಹಿಂದಿನ ಬಿರಡೆ ತೆಗೆದರೆ ನೀರು ತಾನಾಗಿ ಇಳಿಯುತ್ತದೆ. ಹಗ್ಗ, ಬಲೆ, ಜಾಕೆಟ್ಟು ಮನೆಗೆ ಬರುತ್ತವೆ. ದೋಣಿಯೊಳಗೆ ಏನೂ ಬಿಡುವುದಿಲ್ಲ.

ಮುಂದಿನ ಮಳೆಗಾಲ ಅಮ್ಮ ಕೆರೆಯ ಕಡೆ ಬಂದವಳು ಕಿಂಡಿಯೊಳಗೆ ಕೈ ಹಾಕಿದಳು. ಹಲಗೆ ಸವರಿ, ಬೆರಳು ಮೂಸಿದಳು. "ಹುಳ ಬಿಡಬಹುದು ಇದರಲ್ಲಿ" ಅಂದಳು.