ಪ್ಯಾರಿಸ್ಸಿನ ಬೆಳ್ಳಿ ನೋಡಲು ಲಿಸ್ಬನ್ನಿಗೆ

ಫ್ರೆಂಚ್ ರಾಜಮನೆತನದವರು, ಶ್ರೀಮಂತರು ಉಣ್ಣುತ್ತಿದ್ದ ಬೆಳ್ಳಿ ಪಾತ್ರೆ ನೋಡಬೇಕು ಅಂದ್ರೆ ಯಾರಾದರೂ ಪ್ಯಾರಿಸ್ಸಿನ ದಾರಿ ತೋರಿಸುತ್ತಾರೆ. ಅಲ್ಲಿನ ಲೂವ್ರ್ ಮ್ಯೂಸಿಯಂನಲ್ಲಿ ಒಳ್ಳೊಳ್ಳೆಯವು ಇವೆ, ನಿಜ. ಆದರೆ 18ನೇ ಶತಮಾನದ ಪ್ಯಾರಿಸ್ಸಿನ ಬೆಳ್ಳಿ ಕೆಲಸಗಾರರಾದ ಜರ್ಮ್ಯಾಂ ಅಪ್ಪ-ಮಗನ ಕೈಕೆಲಸ ಕಣ್ತುಂಬ ನೋಡಬೇಕಾದರೆ ಪೋರ್ಚುಗಲ್ಲಿಗೇ ಹೋಗಬೇಕು. ನಾನು ಲಿಸ್ಬನ್ನಿಗೆ ಹೊರಟದ್ದೇ ಅದಕ್ಕೆ.

ತೇಜೋ ನದಿಯ ಪಕ್ಕ ಓಡುವ ಟ್ರಾಮ್ ಹಿಡಿದು ಸಾಂತೋಸ್‌ನಲ್ಲಿ ಇಳಿದೆ. ಅಲ್ಲಿಂದ ಏರು ಹತ್ತಿದರೆ ರಾಷ್ಟ್ರೀಯ ಪ್ರಾಚೀನ ಕಲಾ ಮ್ಯೂಸಿಯಂ. ಬಂದವರಲ್ಲಿ ಹೆಚ್ಚಿನವರು ಹಳೇ ಕಾಲದ ಹೆಸರಾಂತ ಚಿತ್ರಕಾರ ಬಾಷ್‌ನ ಚಿತ್ರದ ಮುಂದೆ ಗುಂಪುಗೂಡಿದ್ದರು. ಬೆಳ್ಳಿ ಇಟ್ಟ ಕೋಣೆಯಲ್ಲಿ ಜನ ಕಮ್ಮಿ. ಒಳ್ಳೆಯದೇ ಆಯ್ತು, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದೆ.

ಮೊದಲು ಕಣ್ಣಿಗೆ ಬೀಳುವುದು ಅಪ್ಪ ತೋಮಾ ಜರ್ಮ್ಯಾಂ 1730ರ ಸುಮಾರಿಗೆ ಮಾಡಿದ ಒಂದು ದೊಡ್ಡ ಸಾಮಾನು. ಊಟ ಮುಗಿಯುವ ತನಕ ಮೇಜಿನ ನಡುವೆ ಇಡುವಂಥದ್ದು. ಮೇಣದಬತ್ತಿಗೆ ಜಾಗ, ಉಪ್ಪು-ಸಕ್ಕರೆಗೆ ಜಾಗ, ಎಲ್ಲಾ ಅದರಲ್ಲೇ. ಬೇಟೆ ಅದರ ವಿಷಯ. ಬೇಟೆನಾಯಿಗಳ ಮೈಯ ಮಾಂಸಖಂಡ ಬೆಳ್ಳಿಯಲ್ಲೂ ಬಿಗಿಯಾಗಿ ಕಾಣುತ್ತದೆ. ತೋಮಾ ಹರೆಯದಲ್ಲಿ ರೋಮ್‌ನಲ್ಲಿ ಕಲಿತವನು, ಶಿಲ್ಪಿಯ ಕೈ ಅವನದು. ಅದು ಇಲ್ಲಿ ಗೊತ್ತಾಗುತ್ತದೆ.

ಇಷ್ಟು ದೊಡ್ಡ ಪಾತ್ರೆಗಳು ಯಾಕೆ ಅಂದ್ರೆ, ಆಗಿನ ಫ್ರೆಂಚ್ ಪದ್ಧತಿಯಲ್ಲಿ ಒಂದು ಸರದಿಯ ಅಡುಗೆಯನ್ನೆಲ್ಲ ಒಟ್ಟಿಗೇ ಮೇಜಿನ ಮೇಲೆ ಜೋಡಿಸುತ್ತಿದ್ದರು. ಅತಿಥಿ ಕೂತೊಡನೆ ಕಾಣುವುದು ಊಟಕ್ಕಿಂತ ಮೊದಲು ಪಾತ್ರೆ. ಮನೆಯ ಯಜಮಾನನ ಅಂತಸ್ತನ್ನು ಅದೇ ಹೇಳುತ್ತಿತ್ತು.

ಕೆಲಸದ ರೀತಿ ತಿಳಿದರೆ ನೋಡುವ ಕಣ್ಣೇ ಬೇರೆಯಾಗುತ್ತದೆ. ಸೂಪಿನ ಪಾತ್ರೆಯ ಹೊಟ್ಟೆ ಒಂದು ಚಪ್ಪಟೆ ತಗಡಿನಿಂದ ಎದ್ದು ಬಂದದ್ದು. ಬಡಿದಂತೆಲ್ಲ ಬೆಳ್ಳಿ ಗಡುಸಾಗುತ್ತದೆ, ಮತ್ತೆ ಕಾಯಿಸಿ ಮೆದು ಮಾಡಿ ಮತ್ತೆ ಬಡಿಯಬೇಕು. ಹಿಡಿ, ಕಾಲು, ಮುಚ್ಚಳದ ಮೇಲಿನ ಗೊಂಬೆ, ಇವೆಲ್ಲ ಬೇರೆಯಾಗಿ ಎರಕ ಹೊಯ್ದು ಬೆಸುಗೆ ಹಾಕಿದವು, ಇಲ್ಲವೇ ತಿರುಪಿನಿಂದ ಕೂರಿಸಿದವು. ಆಮೇಲೆ ಸಣ್ಣ ಉಳಿಗಳಿಂದ ಎಲೆಯ ನರ, ನಾಯಿಯ ಕೂದಲು ತಿದ್ದುವ ಕೆಲಸ. ಒಂದು ಮುಚ್ಚಳದ ಅಂಚಿನಲ್ಲಿ ಉಳಿಯ ಗೀರುಗಳನ್ನೇ ತುಂಬಾ ಹೊತ್ತು ನೋಡುತ್ತಾ ನಿಂತೆ. ಒಂದರ ಪಕ್ಕ ಒಂದು, ಎಲ್ಲೂ ಕೈ ತಪ್ಪಿಲ್ಲ.

ಆಗ ಪ್ಯಾರಿಸ್ಸಿನ ಬೆಳ್ಳಿ ಕೆಲಸಗಾರರ ಸಂಘ ಬಹಳ ಬಿಗಿಯಾಗಿತ್ತು. 8 ವರ್ಷ ಕಲಿಕೆ. ಊರಿಗೆಲ್ಲ 300 ಮಂದಿ ಅಂಗಡಿ ಯಜಮಾನರಷ್ಟೇ. ಕುಲುಮೆ ಬೀದಿಯವರ ಕಣ್ಣಿಗೆ ಬೀಳುವಂತೆ ಅಂಗಡಿಯಲ್ಲೇ ಇರಬೇಕು, ಒಳಗೆ ಅಡಗಿಸಿ ಕಲಬೆರಕೆ ಮಾಡುವಂತಿಲ್ಲ. ಬೆಳ್ಳಿಯ ಶುದ್ಧತೆ ಸಾವಿರಕ್ಕೆ ಸುಮಾರು 958. ಮಾಡಿದವನ ಮುದ್ರೆ, ಸಂಘದ ಮುದ್ರೆ, ತೆರಿಗೆಯ ಎರಡು ಮುದ್ರೆ, ಎಲ್ಲಾ ಬಿದ್ದ ಮೇಲೇ ಮಾರಾಟ.

ಇಷ್ಟೆಲ್ಲ ಮಾಡಿದ್ದು ಫ್ರಾನ್ಸಿನಲ್ಲಿ ಯಾಕೆ ಉಳಿಯಲಿಲ್ಲ? ಅವರೇ ಕರಗಿಸಿದರು. ಯುದ್ಧದ ಖರ್ಚಿಗೆ 14ನೇ ಲೂಯಿ 1689ರಲ್ಲಿ ವರ್ಸೇಲ್ಸ್ ಅರಮನೆಯ ಬೆಳ್ಳಿಯ ಮೇಜು-ಕುರ್ಚಿಗಳನ್ನೇ ಟಂಕಸಾಲೆಗೆ ಕಳಿಸಿದ. 1759ರಲ್ಲಿ 15ನೇ ಲೂಯಿ ಅದೇ ದಾರಿ ಹಿಡಿದ. ಉಳಿದದ್ದರಲ್ಲಿ ಬಹುಪಾಲು ಫ್ರೆಂಚ್ ಕ್ರಾಂತಿಯ ಕಾಲಕ್ಕೆ ಹೋಯಿತು. ನಮ್ಮಲ್ಲೂ ಹಳೇ ಬೆಳ್ಳಿ ಅಂಗಡಿಗೆ ಹಾಕಿದರೆ ತೂಕಕ್ಕಷ್ಟೇ ದುಡ್ಡು, ಮಜೂರಿ ಹೋದಂತೆಯೇ ಅಲ್ವಾ? ರಾಜರು ಮಾಡಿದ್ದೂ ಅದನ್ನೇ. ತಿಂಗಳುಗಟ್ಟಲೆ ದುಡಿದ ಕೈಗಳ ಕೆಲಸ ಒಂದು ಮೂಸೆಯಲ್ಲಿ ನೀರಾಯಿತು. ನನಗೆ ಇದು ಈಗಲೂ ಸಂಕಟ ಕೊಡುತ್ತದೆ.

ಪೋರ್ಚುಗಲ್ಲಿನ ಕಥೆಯೂ ನಾಶದಿಂದಲೇ ಶುರು. 1755ರ ನವೆಂಬರ್ 1ರ ಭೂಕಂಪದಲ್ಲಿ ನದಿ ದಡದ ಅರಮನೆ ಬಿತ್ತು. ತೋಮಾ ಹಿಂದಿನ ರಾಜನಿಗೆ ಮಾಡಿಕೊಟ್ಟಿದ್ದ ಬೆಳ್ಳಿಯೂ ಅದರೊಂದಿಗೆ ಹೋಯಿತು. ರಾಜ ಮೊದಲನೇ ಜೋಸೆ ಮರದ ಮನೆಯಲ್ಲಿ ವಾಸಕ್ಕೆ ನಿಂತ, ಆದರೂ ತೋಮಾನ ಮಗ ಫ್ರಾನ್ಸ್ವಾ-ತೋಮಾನಿಗೆ ಹೊಸ ಬೆಳ್ಳಿಗೆ ಆರ್ಡರ್ ಕಳಿಸಿದ. ಇಲ್ಲಿರುವ ರಾಜಮನೆತನದ ಪಾತ್ರೆಗಳು ಹಾಗೆ ಬಂದವು. ನಡುಮೇಜಿನ ಆ ಸಾಮಾನು ಮಾತ್ರ ಅಲ್ಲಿನ ದೊಡ್ಡ ಶ್ರೀಮಂತ, ಅವೈರೋದ ಡ್ಯೂಕನದು. ರಾಜನ ಕೊಲೆಯತ್ನದ ಆರೋಪದ ಮೇಲೆ 1759ರಲ್ಲಿ ಅವನನ್ನು ಕೊಂದು ಆಸ್ತಿ ಜಪ್ತಿ ಮಾಡಿದರು.

ಮಗನ ಗತಿಯೂ ಚೆನ್ನಾಗಿರಲಿಲ್ಲ. ದೇಶದೇಶದ ಅರಮನೆಗಳಿಂದ ಆರ್ಡರ್, ದೊಡ್ಡ ಕಾರ್ಖಾನೆ, ಅದಕ್ಕಿಂತ ದೊಡ್ಡ ಸಾಲ. 1765ರಲ್ಲಿ ದಿವಾಳಿಯಾದ.

ಮಾರನೇ ದಿನ ಊರಿನ ಇನ್ನೊಂದು ಕಡೆ ಇರುವ ಗುಲ್ಬೆಂಕಿಯನ್ ಮ್ಯೂಸಿಯಂಗೆ ಹೋದೆ. ಅಲ್ಲಿ ಲಾರ್ಜಿಲಿಯೆರ್ 1736ರಲ್ಲಿ ಬರೆದ ತೋಮಾ ಮತ್ತು ಅವನ ಹೆಂಡತಿಯ ಚಿತ್ರವಿದೆ. ಸುತ್ತ ಅವನೇ ಮಾಡಿದ ಬೆಳ್ಳಿ. ಮುಖದಲ್ಲಿ ಹೆಮ್ಮೆ, ಆ ಹೆಮ್ಮೆ ಅವನಿಗೆ ಸಲ್ಲಬೇಕಾದ್ದೇ. ಅವನ ಕುಲುಮೆಯಲ್ಲಿ ಬಡಿದ, ಉಜ್ಜಿದ ಆಳುಗಳ ಚಿತ್ರವನ್ನೂ ಯಾರಾದರೂ ಬರೆದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನ್ನಿಸಿತು.

ಎರಡೂ ಮ್ಯೂಸಿಯಂ ಒಂದೇ ದಿನ ಬೇಡ, ಕಣ್ಣು ದಣಿಯುತ್ತದೆ. ಮೊದಲನೆಯದಕ್ಕೆ ಸೋಮವಾರ ರಜೆ, ಗುಲ್ಬೆಂಕಿಯನ್‌ಗೆ ಮಂಗಳವಾರ. ಹೊರಡುವ ಮುನ್ನ ತೆರೆದಿದೆಯೇ ಅಂತ ವಿಚಾರಿಸಿಕೊಳ್ಳಿ.