ನಾಲ್ಕನೇ ಈಡು ಹಾರಲಿಲ್ಲ

ಪಕ್ಕದ ಮನೆಯವರು ಹಳೇ ಟವೆಲ್ ಬಿಚ್ಚಿ ಅದರೊಳಗಿನ ಪುಟ್ಟ ರಿವಾಲ್ವರನ್ನು ಮಡಚುವ ಟೇಬಲ್ಲಿನ ಮೇಲೆ ಇಟ್ಟಾಗ ನನಗೆ ನಗು ಬಂತು. ಇಷ್ಟೇನಾ ಅನ್ನಿಸಿತು. ಮರದ ಹಿಡಿ, ಕಪ್ಪು ಕಬ್ಬಿಣ, ನನ್ನ ಕಿರುಬೆರಳಿನ ತುದಿಯೂ ತೂರದಷ್ಟು ಸಣ್ಣ ನಳಿಗೆ. ಊರ ಜಾತ್ರೆಯಲ್ಲಿ ಪಟಾಕಿ ರೀಲು ಹಾಕಿ ಹೊಡೆಯುತ್ತಿದ್ದ ಆಟದ ಪಿಸ್ತೂಲಿನ ಅಣ್ಣನ ಹಾಗಿತ್ತು. ಕೈಗೆತ್ತಿಕೊಂಡ ಮೇಲೆ ನಗು ನಿಂತಿತು. ಒಂದು ಕಿಲೋ ಹತ್ತಿರ ಭಾರ.

ನನಗೆ ಗೊತ್ತಿದ್ದ ಕೋವಿಯೇ ಬೇರೆ. ಕೊಪ್ಪದ ಹತ್ತಿರದ ನಮ್ಮ ಮನೆಯಲ್ಲಿ ಅಜ್ಜನದೊಂದು ಕೇಪಿನ ಕೋವಿ ಇತ್ತು. ಬೆಳೆ ರಕ್ಷಣೆಯ ಲೈಸೆನ್ಸಿನದು. ಒಳಗೋಡೆಯ ಎರಡು ಗೂಟದ ಮೇಲೆ ಮಲಗಿರುತ್ತಿತ್ತು. ಆಯುಧ ಪೂಜೆಗೆ ಕುಂಕುಮ, ಚುನಾವಣೆ ಬಂದರೆ ಪೊಲೀಸ್ ಠಾಣೆಯ ವಾಸ, ಉಳಿದಂತೆ ತೋಟಕ್ಕೆ ಮಂಗ ಬಂದಾಗ ಆಕಾಶಕ್ಕೊಂದು ಈಡು. ಮದ್ದು ಸುರಿದು, ತೆಂಗಿನ ನಾರು ತುರುಕಿ, ಚರೆ ಅನ್ನುವ ಸಣ್ಣ ಗುಂಡು ಹಾಕಿ, ಗಜದ ಕೋಲಿನಲ್ಲಿ ಜಡಿದು, ಕೊನೆಗೆ ಕಿಡಿ ಹೊತ್ತಿಸುವ ಕೇಪು ಇಡುವಷ್ಟರಲ್ಲಿ ಮಂಗಗಳು ಪಕ್ಕದ ತೋಟ ಸೇರಿರುತ್ತಿದ್ದವು. ನಾನು ಅದನ್ನು ಒಮ್ಮೆ ಮಾತ್ರ ಹೊಡೆದದ್ದು, ಹದಿನಾರನೇ ವಯಸ್ಸಿನಲ್ಲಿ. ಅದು ಭುಜಕ್ಕೆ ಒದ್ದ ರಭಸಕ್ಕೆ ಕೂತೇ ಬಿಟ್ಟಿದ್ದೆ. ಅಲ್ಲಿಗೆ ಕೋವಿಯ ಆಸೆ ಮುಗಿದಿತ್ತು ಅಂದುಕೊಂಡಿದ್ದೆ.

ಈಗ ನಾನಿರುವುದು ಅಮೆರಿಕದ ಅರಿಜೋನಾದಲ್ಲಿ. ಪಕ್ಕದ ಮನೆಯವರು ಎಪ್ಪತ್ತು ದಾಟಿದ ನಿವೃತ್ತ ಎಲೆಕ್ಟ್ರಿಷಿಯನ್. ಗುರಿ ಹೊಡೆಯಲು ಬಾ ಅಂತ ಎಂಟು ವರ್ಷದಿಂದ ಕರೆಯುತ್ತಲೇ ಇದ್ದರು. ನಾನು ಪ್ರತಿ ಸಲ ನುಣುಚಿಕೊಳ್ಳುತ್ತಿದ್ದೆ. ಹೆದರಿಕೆಗೆ ಮಾತ್ರ ಅಲ್ಲ, ಕಾನೂನು ಕೂಡ ಅಡ್ಡ ಇತ್ತು. ಎಚ್-ಒನ್-ಬಿ ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಇಲ್ಲಿ ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ. ಬೇಟೆಯ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು, ಅದಿಲ್ಲದೆ ಕೈಗೆತ್ತಿಕೊಂಡರೂ ಕೇಂದ್ರ ಕಾನೂನಿನ ಪ್ರಕಾರ ಅಪರಾಧ ಆಗಬಹುದು. ನಮ್ಮ ಹುಡುಗರು ಎಷ್ಟೋ ಜನ ಇದು ಗೊತ್ತಿಲ್ಲದೆ ವೇಗಸ್ಸಿಗೆ ಹೋಗಿ ಮೆಷಿನ್ ಗನ್ ಹಿಡಿದು ಫೋಟೋ ಹಾಕುತ್ತಾರೆ. ನೋಡಿದಾಗ ನನಗೆ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ. ಹೋದ ವರ್ಷ ನನಗೆ ಗ್ರೀನ್ ಕಾರ್ಡ್ ಬಂತು. ನೆಪ ಖಾಲಿಯಾಯಿತು.

ನವೆಂಬರಿನ ಒಂದು ಶನಿವಾರ ಬೆಳಿಗ್ಗೆ ಬೀಲೈನ್ ಹೆದ್ದಾರಿ ಹಿಡಿದು ಪೇಸನ್ ಕಡೆ ಹೊರಟೆವು. ಮೊದಲ ಒಂದು ಗಂಟೆ ಬರೀ ಸಗುವಾರೊ ಕಳ್ಳಿ. ಆಮೇಲೆ ದಾರಿ ಏರುತ್ತಾ ಹೋದಂತೆ ಕಳ್ಳಿ ಕಾಣೆಯಾಗಿ ಪೈನ್ ಮರಗಳು ಶುರುವಾಗುತ್ತವೆ. ಇಲ್ಲಿನ ರಾಷ್ಟ್ರೀಯ ಅರಣ್ಯದಲ್ಲಿ ಗುರಿ ಹೊಡೆಯಲು ಅವಕಾಶ ಇದೆ. ಆದರೆ ಮನೆ, ಕ್ಯಾಂಪು, ಜನ ಇರುವ ಜಾಗದಿಂದ 150 ಗಜ ದೂರ ಇರಬೇಕು. ರಸ್ತೆಗೆ, ನೀರಿಗೆ ಅಡ್ಡವಾಗಿ ಹೊಡೆಯಬಾರದು. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ನಿರ್ಬಂಧ ಬಂದರೆ ಅದೂ ಬಂದ್. ಪಕ್ಕದ ಮನೆಯವರು ಆರಿಸಿದ್ದು ಎರಡು ಆಳು ಎತ್ತರದ ಮಣ್ಣಿನ ದಿಬ್ಬ. ಅಲ್ಲಿ ಯಾರೋ ಬಿಟ್ಟುಹೋದ ಒಡೆದ ಬಾಟಲಿ, ಒಂದು ಹಳೇ ಟಿವಿ. ಅರ್ಧ ಗಂಟೆ ಆ ಕಸ ಹೆಕ್ಕಿದ್ದೇ ನಮ್ಮ ಮೊದಲ ಕೆಲಸ. ಇಂಥವರಿಂದಲೇ ಜಾಗಗಳು ಮುಚ್ಚುತ್ತವೆ ಅಂತ ಅವರು ಗೊಣಗಿದ್ದೂ ಗೊಣಗಿದ್ದೇ.

ಆ ಪುಟ್ಟ ರಿವಾಲ್ವರ್ ಅವರ ಅಪ್ಪನದು. ರೂಗರ್ ಕಂಪನಿಯ ಸಿಂಗಲ್-ಸಿಕ್ಸ್. 1953ರಲ್ಲಿ ಬಂದ ಮಾದರಿ. ಆಗ ಅಮೆರಿಕದ ಟಿವಿಯಲ್ಲಿ ಕೌಬಾಯ್ ಕಥೆಗಳ ಸುಗ್ಗಿ. ಕೋಲ್ಟ್ ಕಂಪನಿ ತನ್ನ ಹಳೇ ಕೌಬಾಯ್ ರಿವಾಲ್ವರ್ ಮಾಡುವುದನ್ನು ಆ ಹೊತ್ತಿಗೆ ನಿಲ್ಲಿಸಿತ್ತು. ರೂಗರ್ ಅದೇ ರೂಪವನ್ನು ಸ್ವಲ್ಪ ಕುಗ್ಗಿಸಿ, ಅಗ್ಗದ .22 (ಅಂದರೆ 0.22 ಇಂಚು ಅಗಲದ ಗುಂಡಿನ) ತೋಟೆಗೆ ಹೊಂದಿಸಿ ಮಾರಿತು. ಜನ ಮುಗಿಬಿದ್ದರು. ಇನ್ನೊಂದು ಬಂದೂಕು ಕಂಪನಿ ಸ್ಮಿತ್ ಅಂಡ್ ವೆಸನ್ನಿನವರದಂತೂ ಕಿಟ್ ಗನ್ ಅಂತಲೇ ಒಂದಿದೆ. ಮೀನು ಹಿಡಿಯುವ ಸಾಮಾನಿನ ಪೆಟ್ಟಿಗೆಯಲ್ಲಿ ಗಾಳ, ದಾರದ ಜೊತೆ ಎಸೆದುಕೊಂಡು ಹೋಗುವುದಕ್ಕೆ. ಹೆಸರೇ ಹೇಳುತ್ತದೆ ನೋಡಿ, ಇದು ಯುದ್ಧದ ಸಾಮಾನಲ್ಲ.

ತೋಟೆ ನೋಡಿ ನನಗೆ ಅಜ್ಜ ನೆನಪಾದ. ಅಜ್ಜ ಬೇರೆ ಬೇರೆ ಡಬ್ಬಿಗಳಿಂದ ತೆಗೆಯುತ್ತಿದ್ದ ಮದ್ದು, ಗುಂಡು, ಕೇಪು ಮೂರೂ ಇಲ್ಲಿ ಒಂದು ಇಂಚಿನ ಹಿತ್ತಾಳೆ ಕೊಳವೆಯಲ್ಲಿ. ಅದರಲ್ಲೂ ಕೇಪಿನ ಮಸಾಲೆ ಇರುವುದು ತೋಟೆಯ ಬುಡದ ಅಂಚಿನ ಮಡಿಕೆಯೊಳಗೆ. ಅದಕ್ಕೇ ಇದನ್ನು ರಿಮ್‌ಫೈರ್ ಅನ್ನುವುದು. ಕುದುರೆ, ಅಂದರೆ ಬಂದೂಕಿನ ಹಿಂದಿನ ಪುಟ್ಟ ಸುತ್ತಿಗೆ, ಬಂದು ಅಂಚನ್ನು ಜಜ್ಜಿದರೆ ಸಾಕು, ಹೊತ್ತಿಕೊಳ್ಳುತ್ತದೆ. 1857ರಲ್ಲೇ ಸ್ಮಿತ್ ಅಂಡ್ ವೆಸನ್ ಇಂಥದ್ದೊಂದು ಸಣ್ಣ ತೋಟೆ ತಂದಿತ್ತು. ಈಗ ಎಲ್ಲರೂ ಬಳಸುವ, ಲಾಂಗ್ ರೈಫಲ್ ಅನ್ನುವ ಹೆಸರಿನ ತೋಟೆ 1887ರದು. ಗುಂಡಿನ ತೂಕ ಎರಡೂವರೆ ಗ್ರಾಂ ಚಿಲ್ಲರೆ. ಅಂಚು ಜಜ್ಜಿ ಹೋಗುವುದರಿಂದ ಖಾಲಿ ತೋಟೆಯನ್ನು ಮತ್ತೆ ತುಂಬಲು ಬರುವುದಿಲ್ಲ. ಹಾಗಂತ ಬೇಜಾರೇನಿಲ್ಲ, ಒಂದಕ್ಕೆ ಹತ್ತು ಸೆಂಟಿನ ಆಸುಪಾಸು.

ತಿರುಗುವ ಸಿಲಿಂಡರಿನಲ್ಲಿ ತೋಟೆ ಕೂರುವ ಆರು ಮನೆ, ತುಂಬುವುದಕ್ಕೂ ಒಂದು ಕ್ರಮ. ಒಂದು ಹಾಕು, ಒಂದು ಮನೆ ಬಿಡು, ನಾಲ್ಕು ಹಾಕು. ಖಾಲಿ ಮನೆಯ ಮೇಲೆ ಕುದುರೆ ಇಳಿಸು. 1973ಕ್ಕೆ ಮೊದಲಿನ ರೂಗರ್‌ಗಳು ಕೆಳಗೆ ಬಿದ್ದು ಕುದುರೆಗೆ ಪೆಟ್ಟಾದರೆ ಹಾರಿಬಿಡಬಹುದು. ಆ ವರ್ಷದಿಂದ ಟ್ರಿಗರ್ ಎಳೆಯದೆ ಹಾರದ ಏರ್ಪಾಡು ಬಂತು. ಇದು ಹಳೇದು, ಹಾಗಾಗಿ ಹೆಸರಿಗೆ ಆರು, ಹಾಕುವುದು ಐದು.

ಹತ್ತು ಗಜ ದೂರದಲ್ಲಿ ದಿಬ್ಬದ ಬುಡಕ್ಕೆ ಐದು ಖಾಲಿ ಸೋಡಾ ಡಬ್ಬ ಜೋಡಿಸಿದೆವು. ಕಿವಿಗೆ ಮುಚ್ಚಿಗೆ, ಕಣ್ಣಿಗೆ ಕನ್ನಡಕ. ಕುದುರೆ ಎಳೆದೆ. ಟ್ರಿಗರ್ ಒತ್ತಿದೆ. ಟಪ್. ಅಷ್ಟೇ. ಭುಜ ಜಾಗದಲ್ಲೇ ಇತ್ತು! ಕೈ ಒಂಚೂರು ಅಲುಗಿತು, ಯಾರೋ ಮಣಿಕಟ್ಟು ತಟ್ಟಿ ಮಾತಾಡಿಸಿದ ಹಾಗೆ. ಡಬ್ಬ ಅಲ್ಲೇ ನಿಂತಿತ್ತು, ಅದು ಬೇರೆ ವಿಷಯ. ಎರಡನೆಯದೂ ಮಣ್ಣಿಗೆ. ಮೂರನೆಯದು ಡಬ್ಬದ ಕಿವಿ ಸವರಿ ಅದನ್ನು ಬುಗುರಿಯ ಹಾಗೆ ತಿರುಗಿಸಿತು. ನಾನು ಖುಷಿಯಲ್ಲಿ "ನೋಡಿದ್ರಾ!" ಅಂತ ತಿರುಗಿಬಿಟ್ಟೆ. ಕೈಯಲ್ಲಿದ್ದುದೂ ನನ್ನ ಜೊತೆ ತಿರುಗಿತು.

ಅವರು ಕೂಗಲಿಲ್ಲ. ನನ್ನ ಮುಂಗೈ ಹಿಡಿದು, ನಳಿಗೆಯನ್ನು ದಿಬ್ಬದ ಕಡೆಗೆ ತಿರುಗಿಸಿ, ಹಾಗೇ ಹಿಡಿದುಕೊಂಡು ನಿಂತರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ತೋಟೆಯ ಡಬ್ಬಿ ತೋರಿಸಿದರು. ಗುಂಡು ಒಂದು ಮೈಲಿಗೂ ಆಚೆ ಹೋಗಬಹುದು, ಎಚ್ಚರ ಅಂತ ಅದರ ಮೇಲೇ ಅಚ್ಚಾಗಿತ್ತು. ಆಟದ ಸಾಮಾನಿನ ಹಾಗೆ ಕಾಣುವುದೇ ಇದರ ದೊಡ್ಡ ಅಪಾಯ ಅಂತ ನನಗೆ ಆಗ ಹೊಳೆಯಿತು. ಅಜ್ಜನ ಕೋವಿ ನೋಡಿದರೇ ಹೆದರಿಕೆ ಆಗುತ್ತಿತ್ತು. ಇದಕ್ಕೆ ಹೆದರಿಕೆಯನ್ನು ನಾವೇ ತಂದುಕೊಳ್ಳಬೇಕು. ಮುಖ ಬಿಸಿಯಾಗಿತ್ತು. ಸಾಕು ಅಂದೆ. "ಇನ್ನೂ ಎರಡಿದೆ, ಮುಗಿಸು" ಅಂದರು.

ನಾಲ್ಕನೇ ಈಡು ಹಾರಲಿಲ್ಲ. ಟಿಕ್ ಅಂದಿತು, ಅಷ್ಟೇ. ಆದರೆ ನಳಿಗೆಯ ಮೂತಿ ಮಾತ್ರ ಗಪ್ಪಂತ ಎರಡು ಇಂಚು ಕೆಳಕ್ಕೆ ಹೋಯಿತು. ಒದೆತವೇ ಇಲ್ಲದ ಬಂದೂಕಿನ ಒದೆತಕ್ಕೆ ನಾನು ಮೊದಲೇ ಹೆದರಿ ಕೈ ಕುಗ್ಗಿಸಿದ್ದೆ. ಮೂವತ್ತು ವರ್ಷದ ಹಿಂದಿನ ಕೇಪಿನ ಕೋವಿ ಇನ್ನೂ ಭುಜದಲ್ಲೇ ಕೂತಿತ್ತು. ಮೊದಲೆರಡು ಗುಂಡು ಯಾಕೆ ಮಣ್ಣಿಗೆ ಹೋದವು ಅಂತ ಈಗ ಗೊತ್ತಾಯಿತು.

"ಅಲುಗಬೇಡ, ಹಾಗೇ ಹಿಡಿದಿರು" ಅಂದರು ಅವರು. ಹಾರದ ತೋಟೆ ತಡವಾಗಿ ಹಾರಬಹುದು. ಮೂವತ್ತು ಎಣಿಸಬೇಕು. ಇದೇ ಮಾತನ್ನು ಅಜ್ಜ ಮಳೆಗಾಲದಲ್ಲಿ ಹೇಳುತ್ತಿದ್ದ. ಕೇಪು ತಂಡಿ ಹಿಡಿದು ಈಡು ಹಾರದಿದ್ದರೆ ಕೋವಿಯನ್ನು ಹಾಗೇ ಆಕಾಶಕ್ಕೆ ಹಿಡಿದು, "ನೂರು ಎಣಿಸು" ಅಂತ ನಮಗೆ ಹೇಳುತ್ತಿದ್ದ. ಮಳೆಯಲ್ಲಿ ನೆನೆಯುತ್ತಾ ನಾವು ಎಣಿಸುತ್ತಿದ್ದೆವು. ಅಜ್ಜ ನಮ್ಮನ್ನು ಸುಮ್ಮನಿರಿಸಲು ಹಾಗನ್ನುತ್ತಾನೆ ಅಂದುಕೊಂಡಿದ್ದೆ. ಕನ್ನಡದಲ್ಲಿ ಮೂವತ್ತು ಎಣಿಸಿದೆ. ಏನೂ ಆಗಲಿಲ್ಲ. ಮತ್ತೆ ಕುದುರೆ ಎಳೆದರೆ ಸಿಲಿಂಡರ್ ತಾನೇ ತಿರುಗಿ ಮುಂದಿನ ತೋಟೆ ಬಂತು. ಅದು ಹಾರಿತು.

ಆಮೇಲೆ ಅವರು ಒಂದು ಆಟ ಹೂಡಿದರು. ತೋಟೆಗಳ ನಡುವೆ ಒಂದೋ ಎರಡೋ ಖಾಲಿಯವನ್ನು ಸೇರಿಸಿ, ಯಾವುದು ಎಲ್ಲಿ ಅಂತ ಹೇಳದೆ ಕೊಡುವುದು. ಖಾಲಿಯದು ಬಂದಾಗ ಮೂತಿ ಕೆಳಗೆ ಹೋದರೆ ನಾನು ಸೋತೆ. ಮೊದಲ ಅರ್ಧ ಗಂಟೆ ಸೋತಿದ್ದೇ ಸೋತಿದ್ದು. ಇಲ್ಲಿ ಆ ಪುಟ್ಟ ರಿವಾಲ್ವರಿನ ಗುಣ ನನಗೆ ಹಿಡಿಸಿತು. ಅದಕ್ಕೆ ಅವಸರವೇ ಇಲ್ಲ. ಪ್ರತಿ ಈಡಿಗೂ ಹೆಬ್ಬೆರಳಿನಲ್ಲಿ ಕುದುರೆ ಎಳೆಯಬೇಕು. ಐದು ಮುಗಿದರೆ ಪಕ್ಕದ ಸಣ್ಣ ಬಾಗಿಲು ತೆರೆದು, ನಳಿಗೆಯ ಕೆಳಗಿನ ಕಡ್ಡಿಯಿಂದ ಒಂದೊಂದೇ ಖಾಲಿ ತೋಟೆಯನ್ನು ತಳ್ಳಿ ತೆಗೆಯಬೇಕು. ಹಲಸಿನ ತೊಳೆ ಬಿಡಿಸುವಷ್ಟೇ ನಿಧಾನ. ತೋಟೆ ತಾನೇ ಏರುವ ಮ್ಯಾಗಜೀನಿನ ಪಿಸ್ತೂಲಿನಲ್ಲಿ ಇಷ್ಟು ಹೊತ್ತಿಗೆ ನಾಲ್ಕು ಡಬ್ಬಿ ತೋಟೆ ಹೊಗೆಯಾಗಿರುತ್ತಿತ್ತು. ನಾವು ಮೂರು ಗಂಟೆಯಲ್ಲಿ ಒಂದೂವರೆ ಡಬ್ಬಿ ಖರ್ಚು ಮಾಡಿದೆವು, ಅಂದರೆ ಎಪ್ಪತ್ತೈದು. ನಡುವೆ ಚಟ್ನಿಪುಡಿ ಹಚ್ಚಿದ ಬ್ರೆಡ್ಡು, ಅವರ ಫ್ಲಾಸ್ಕಿನ ಕಹಿ ಕಾಫಿ. ಅವರ ಕಾಫಿ ಬಗ್ಗೆ ಹೆಚ್ಚು ಹೇಳದಿರುವುದೇ ವಾಸಿ.

ಕಾಡಿನಲ್ಲಿ ನಡೆಯುವಾಗ ಅವರು ಇದನ್ನೇ ಸೊಂಟಕ್ಕೆ ಹಾಕಿಕೊಳ್ಳುತ್ತಾರಂತೆ. ಹಾವಿಗೆ ಅಂತ ಸಾಸಿವೆಗಿಂತ ಸಣ್ಣ ಚರೆ ತುಂಬಿದ ತೋಟೆಯೂ ಸಿಗುತ್ತದೆ. ಪಿಸ್ತೂಲಿನಲ್ಲಿ ಅದು ಎಷ್ಟೋ ಸಲ ಸಿಕ್ಕಿಕೊಳ್ಳುತ್ತದೆ. ರಿವಾಲ್ವರ್ ಮಾತ್ರ ಕೊಟ್ಟಿದ್ದನ್ನು ಉಣ್ಣುವ ಮಗುವಿನ ಹಾಗೆ. ಇಷ್ಟು ವರ್ಷದಲ್ಲಿ ಎಷ್ಟು ಹಾವು ಹೊಡೆದಿರಿ ಅಂದೆ. ಒಂದೂ ಇಲ್ಲ, ನಾನೇ ದಾರಿ ಬದಲಿಸುತ್ತೇನೆ ಅಂದರು.

ಕೊನೆಯ ಐದರಲ್ಲಿ ಮೂರು ಡಬ್ಬ ಬಿದ್ದವು. ಈ ಸಲ ತಿರುಗಲಿಲ್ಲ. ಬಾಗಿಲು ತೆರೆದು, ಖಾಲಿ ಮಾಡಿ, ಟೇಬಲ್ ಮೇಲೆ ಇಟ್ಟ ಮೇಲೆಯೇ ನಕ್ಕೆ. ಸೀಸ ಅಂಟಿದ ಕೈಯನ್ನು ತಣ್ಣೀರು, ಸೋಪಿನಲ್ಲಿ ತೊಳೆದೆವು. ಹಾರದೆ ಉಳಿದ ಆ ತೋಟೆಯನ್ನು ಅವರು ಬೇರೆ ಡಬ್ಬಿಗೆ ಹಾಕಿಟ್ಟರು.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಊರಲ್ಲಿ ಆಗ ಬೆಳಗಿನ ಕಾಫಿ ಹೊತ್ತು.

"ಎಂಥ ಹೊಡೆದೆ?"

"ಸೋಡಾ ಡಬ್ಬ."

"ತೋಟೆಗೆ ಎಷ್ಟಾ?"

"ಎಂಟು ರೂಪಾಯಿ ಇಟ್ಟುಕೊಳ್ಳಿ."

ಅಪ್ಪ ಸ್ವಲ್ಪ ಯೋಚಿಸಿದರು. "ನಮ್ಮ ತೋಟದ ಹಂದಿಗೆ ಆಗ್ತದಾ?"

"ಇಲ್ಲಪ್ಪ. ಸೊಳ್ಳೆ ಕಚ್ಚಿದ ಹಾಗೆ ಆಗಬಹುದು."

"ಮತ್ತೆ ಎಂಥಕ್ಕೆ ಮಾರಾಯ ಅದು?" ಅಂದರು. ನಾನು ಹೇಳಲು ಶುರು ಮಾಡುವಷ್ಟರಲ್ಲಿ ಹಿಂದಿನಿಂದ ಅಮ್ಮ, ಮಂಗ ಬಂತು ಅಂತ ಕೂಗಿದರು. ಫೋನ್ ಕಟ್ಟಾಯಿತು.