ಟ್ಯಾಂಕ್ ಇಳಿಸುವ ಮುಂಚೆ

ಪಿಕಪ್ ನಿಂತಾಗ ಪೆಟ್ರೋಲ್ ಗೇಜಿನ ಮುಳ್ಳು ಕಾಲು ಟ್ಯಾಂಕಿನ ಗೆರೆಯ ಮೇಲಿತ್ತು. ಸ್ಟಾರ್ಟರ್ ತಿರುಗುತ್ತಿತ್ತು. ಹಿಂದೆ ಟ್ಯಾಂಕಿನೊಳಗಿನ ಪಂಪ್ ಎಂದಿಗಿಂತ ಜೋರಾಗಿ ಕೀರಲು ಸದ್ದು ಮಾಡುತ್ತಿತ್ತು. ಎಂಜಿನ್ ಮಾತ್ರ ಹಿಡಿಯಲಿಲ್ಲ. ಕ್ಯಾನಿನಿಂದ 10 ಲೀಟರ್ ಪೆಟ್ರೋಲ್ ಸುರಿದು, ಲೈನಿನಲ್ಲಿ ಒತ್ತಡ ತುಂಬಲೆಂದು ಕೀಲಿಯನ್ನು ಮೂರು ಸಲ ಆನ್-ಆಫ್ ಮಾಡಿದ ಮೇಲೆ ಓಡಿತು. ಟ್ಯಾಂಕ್ ಬರಿದಾಗಿತ್ತು, ಮುಳ್ಳು ತಪ್ಪು ಹೇಳಿತ್ತು. ಆ ದಿನವೆಲ್ಲ ನಡೆದದ್ದು ಅದು ಎಲ್ಲಿ ತಪ್ಪಿತು ಎಂದು ಹುಡುಕುವ ಕೆಲಸ.

ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಟ್ಯಾಂಕಿನೊಳಗಿನ ಎಲೆಕ್ಟ್ರಿಕ್ ಪಂಪಿಗೆ ತಂಪು ಕೊಡುವುದೂ ಜಾರಿಕೆ ಕೊಡುವುದೂ ಅದರ ಮೂಲಕ ಹರಿಯುವ ಪೆಟ್ರೋಲೇ. ಬರಿದಾದ ಟ್ಯಾಂಕಿನಲ್ಲಿ ಎರಡು ಮೂರು ಸಲ ಒಣಗಿ ತಿರುಗಿದ ಪಂಪ್ ಆಮೇಲೆ ಬೇಗ ಕೈಕೊಡುತ್ತದೆ. ಡೀಸೆಲ್ ಗಾಡಿಯಾದರೆ ಲೈನಿಗೆ ಗಾಳಿ ಸೇರುತ್ತದೆ, ಅದನ್ನು ಹೊರಹಾಕದೆ ಸ್ಟಾರ್ಟ್ ಆಗುವುದಿಲ್ಲ. ಗೇಜ್ ಸರಿಯಾಗುವವರೆಗೂ ಟ್ಯಾಂಕ್ ತುಂಬಿಸಿದಾಗಲೆಲ್ಲ ಟ್ರಿಪ್ ಮೀಟರ್ ಸೊನ್ನೆಗೆ ತಂದು, ಕಿಲೋಮೀಟರ್ ಲೆಕ್ಕದಲ್ಲೇ ಓಡಿಸಬೇಕು.

ಹೆಚ್ಚಿನವರು ಎಡವುವುದು ಇಲ್ಲೇ. ಮುಳ್ಳು ಕೆಟ್ಟಿತೆಂದರೆ ನೇರವಾಗಿ ಟ್ಯಾಂಕ್ ಇಳಿಸಿ, ಪಂಪ್ ಮತ್ತು ಮಟ್ಟದ ಸೆನ್ಸರ್ ಎರಡೂ ಕೂತಿರುವ ಪೂರ್ತಿ ಪಂಪ್ ಯೂನಿಟ್ ಬದಲಿಸುತ್ತಾರೆ. ಅರ್ಧ ದಿನದ ಕೆಲಸ, ದುಬಾರಿ ಭಾಗ, ಅಷ್ಟೆಲ್ಲ ಆದ ಮೇಲೂ ಮುಳ್ಳು ಅಲ್ಲೇ. ಮುಳ್ಳಿಗೆ ಸುದ್ದಿ ತಲುಪುವುದು ಐದು ಕೈ ದಾಟಿ. ಪೆಟ್ರೋಲಿನ ಮೇಲೆ ತೇಲುವ ಫ್ಲೋಟ್, ಅದರ ತೋಳು ಉಜ್ಜುತ್ತಾ ಸಾಗುವ ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ) ಪಟ್ಟಿ, ಅಲ್ಲಿಂದ ಹೊರಡುವ ಸಿಗ್ನಲ್ ವೈರ್ ಮತ್ತು ಅರ್ಥ್ (ಕರೆಂಟ್ ಮರಳುವ ವೈರ್), ಅದನ್ನು ಓದುವ ಗಾಡಿಯ ಕಂಪ್ಯೂಟರ್, ಕೊನೆಗೆ ಕ್ಲಸ್ಟರಿನಲ್ಲಿ, ಅಂದರೆ ಡ್ಯಾಶ್‌ಬೋರ್ಡಿನ ಮೀಟರ್ ಫಲಕದಲ್ಲಿ, ಮುಳ್ಳು ತಿರುಗಿಸುವ ಪುಟ್ಟ ಮೋಟರ್. ಇವುಗಳಲ್ಲಿ ಫ್ಲೋಟ್ ಮತ್ತು ಪಟ್ಟಿ ಮಾತ್ರ ಟ್ಯಾಂಕಿನೊಳಗಿವೆ, ಇವೆರಡೂ ಸೇರಿದ್ದೇ ಮಟ್ಟದ ಸೆನ್ಸರ್, ಇದಕ್ಕೇ ಸೆಂಡರ್ ಎಂದೂ ಹೆಸರು. ಉಳಿದ ಮೂರನ್ನು ಟ್ಯಾಂಕ್ ಮುಟ್ಟದೆ ಪರೀಕ್ಷಿಸಬಹುದು.

ಮೊದಲು ಸ್ಕ್ಯಾನರ್ ಹಾಕಿದ್ದಾಯಿತು. ಗಾಡಿಯ ಕಂಪ್ಯೂಟರಿನ ಮಾಹಿತಿ ಓದಲು ಇರುವ ಓಬಿಡಿ ಕಪ್ಲರಿಗೆ (ವೈರ್ ಜೋಡಿಸುವ ಪ್ಲಗ್ಗಿಗೆ) ಹೊಂದುವ ಸಾದಾ ಸ್ಕ್ಯಾನರ್ ಸಾಕು. ಲೈವ್ ಡೇಟಾದಲ್ಲಿ ಇಂಧನ ಮಟ್ಟ ಶೇಕಡಾವಾರು ತೋರಿಸುವ ಒಂದು ಸಾಲು ಬಹಳಷ್ಟು ಗಾಡಿಗಳಲ್ಲಿ ಇರುತ್ತದೆ. ಇಲ್ಲಿ ಅದು 25 ಎನ್ನುತ್ತಿತ್ತು, ಮುಳ್ಳೂ ಕಾಲು ಟ್ಯಾಂಕ್ ಎನ್ನುತ್ತಿತ್ತು. ಎರಡೂ ಹೊಂದುತ್ತವೆ ಎಂದರೆ ಕ್ಲಸ್ಟರಿನ ತಪ್ಪಿಲ್ಲ, ಅದಕ್ಕೆ ಬರುತ್ತಿರುವ ಸುದ್ದಿಯೇ ತಪ್ಪು. ಸುಮಾರು 100 ಲೀಟರಿನ ಟ್ಯಾಂಕಿಗೆ 10 ಲೀಟರ್ ಹಾಕಿದಾಗ 10ರ ಆಸುಪಾಸು ಬರಬೇಕಿತ್ತು.

ಸ್ಕ್ಯಾನರ್ ಸರಿಯಾದ ಅಂಕಿ ಕೊಟ್ಟು ಮುಳ್ಳು ಮಾತ್ರ ಎಲ್ಲೋ ಸಿಕ್ಕಿಕೊಂಡಿದ್ದರೆ ಕೆಲಸ ಡ್ಯಾಶ್‌ಬೋರ್ಡಿನಲ್ಲೇ ಮುಗಿಯುತ್ತಿತ್ತು. 2000ದ ದಶಕದ ಎಷ್ಟೋ ಪಿಕಪ್‌ಗಳ ಕ್ಲಸ್ಟರಿನಲ್ಲಿ ಮುಳ್ಳು ತಿರುಗಿಸುವ ಸ್ಟೆಪರ್ ಮೋಟರ್‌ಗಳೇ ಸೋಲುತ್ತವೆ. ಒಂದು ದಿನ ಫ್ಯೂಯೆಲ್ ಮುಳ್ಳು, ಇನ್ನೊಂದು ದಿನ ಸ್ಪೀಡ್ ಮುಳ್ಳು ತಪ್ಪುವುದು ಅದರ ಗುರುತು. ಅವುಗಳ ಬದಲಿಗೆ ಸಾಮಾನ್ಯವಾಗಿ ಕೂರಿಸುವುದು ಎಕ್ಸ್27.168 ಎಂಬ ಮೋಟರ್. ನಾಲ್ಕು ಕಾಲುಗಳ ಬೆಸುಗೆ ಬಿಡಿಸಿ ಹೊಸದನ್ನು ಹಾಕಬೇಕು. ಮುಳ್ಳು ಕೀಳುವ ಮುಂಚೆ ಅದು ನಿಂತ ಜಾಗದ ಫೋಟೋ ತೆಗೆದಿಟ್ಟುಕೊಳ್ಳದಿದ್ದರೆ ಮತ್ತೆ ಕೂರಿಸುವಾಗ ಪರದಾಟ ತಪ್ಪಿದ್ದಲ್ಲ.

ಕಂಪ್ಯೂಟರ್ ದಾಖಲಿಸಿಟ್ಟ ದೋಷದ ಕೋಡ್‌ಗಳನ್ನೂ ಸ್ಕ್ಯಾನರಿನಲ್ಲಿ ಓದಿಕೊಳ್ಳಬೇಕು. ಪಿ0460 ಎಂದರೆ ಮಟ್ಟದ ಸೆನ್ಸರ್ ಸರ್ಕ್ಯೂಟಿನಲ್ಲಿ ದೋಷ, ಪಿ0461 ಎಂದರೆ ಓದು ನಂಬುವಂತಿಲ್ಲ, ಪಿ0462 ಸಿಗ್ನಲ್ ತೀರ ಕಡಿಮೆ, ಪಿ0463 ತೀರ ಹೆಚ್ಚು, ಪಿ0464 ಬಿಟ್ಟು ಬಿಟ್ಟು ಬರುವ ದೋಷ. ಈ ಗಾಡಿಯಲ್ಲಿದ್ದದ್ದು ಪಿ0461. ಎಷ್ಟು ಓಡಿಸಿದರೂ ಮಟ್ಟ ಇಳಿಯುತ್ತಲೇ ಇಲ್ಲವಲ್ಲ ಎಂದು ಕಂಪ್ಯೂಟರಿಗೂ ಅನುಮಾನ ಬಂದಿದೆ ಎಂದರ್ಥ. ಕೋಡ್ ಹೇಳುವುದು ಯಾವ ಸರ್ಕ್ಯೂಟ್ ಎಂಬುದನ್ನು ಮಾತ್ರ, ಯಾವ ಭಾಗ ಎಂಬುದನ್ನಲ್ಲ. ಪಿ0463 ಬಂತೆಂದು ಸೆನ್ಸರ್ ತರಿಸಿ, ಕೊನೆಗೆ ಚಾಸಿ ಬಳಿ ಕಿತ್ತುಹೋದ ವೈರ್ ಕಂಡವರೂ ಇದ್ದಾರೆ.

ಇನ್ನು ಓಮ್ ಲೆಕ್ಕ, ಅಂದರೆ ಪಟ್ಟಿ ಕರೆಂಟಿಗೆ ಒಡ್ಡುವ ತಡೆಯ ಅಳತೆ. ಎಲ್ಲ ಗಾಡಿಗಳ ಸೆನ್ಸರ್ ಒಂದೇ ಅಲ್ಲ. ಜನರಲ್ ಮೋಟರ್ಸಿನ ಹಳೆಯ ಪಿಕಪ್‌ಗಳಲ್ಲಿ ಖಾಲಿಗೆ 0, ತುಂಬಿದಾಗ 90 ಓಮ್. 1990ರ ದಶಕದ ಕೊನೆಯಿಂದ ಬಂದವುಗಳಲ್ಲಿ 40ರಿಂದ 250. ಫೋರ್ಡಿನ ಹಳೆಯವುಗಳಲ್ಲಿ ಲೆಕ್ಕ ತಿರುಗುಮುರುಗು, ಖಾಲಿಗೆ 73, ತುಂಬಿದಾಗ 10. ಮುಂದೆ ಅದು 16ರಿಂದ 158 ಆಯಿತು. ಎಲ್ಲಕ್ಕೂ ಆಗುತ್ತದೆಂದು ಮಾರುವ ಸೆಂಡರ್‌ಗಳು ಸಾಮಾನ್ಯವಾಗಿ 240ರಿಂದ 33. ಗೇಜಿಗೂ ಸೆಂಡರಿಗೂ ಈ ಜೋಡಿ ತಾಳೆಯಾಗದಿದ್ದರೆ ಹೊಸ ಭಾಗ ಹಾಕಿದರೂ ಮುಳ್ಳು ಸರಿ ಹೇಳುವುದಿಲ್ಲ. ಈ ಗಾಡಿಯದು 40–250 ಜೋಡಿ.

ಇಲ್ಲೊಂದು ಸೂಕ್ಷ್ಮವಿದೆ, ಇದು ತಿಳಿದರೆ ಅರ್ಧ ಹುಡುಕಾಟ ಉಳಿಯುತ್ತದೆ. ಅರ್ಥ್ ಬೋಲ್ಟಿಗೆ ಹಿಡಿದ ತುಕ್ಕಾಗಲಿ, ಕಪ್ಲರಿನ ಹಸಿರು ಕಿಲುಬಾಗಲಿ, ಸೆನ್ಸರ್ ಸಂಪರ್ಕದ ಕಪ್ಪು ಪದರವಾಗಲಿ ಸರ್ಕ್ಯೂಟಿಗೆ ಓಮ್ ಕೂಡಿಸುತ್ತದೆ, ಕಳೆಯುವುದಿಲ್ಲ. ಹಾಗಾಗಿ 0–90, 40–250, 16–158 ಜೋಡಿಗಳಲ್ಲಿ ಕೊಳಕು ಸಂಪರ್ಕ ಇರುವುದಕ್ಕಿಂತ ಹೆಚ್ಚು ಪೆಟ್ರೋಲ್ ತೋರಿಸುತ್ತದೆ. 73–10, 240–33 ಜೋಡಿಗಳಲ್ಲಿ ಕಡಿಮೆ ತೋರಿಸುತ್ತದೆ. ದಾರಿಯಲ್ಲಿ ಕೈಬಿಡುವುದು ಮೊದಲಿನ ಬಗೆ. ಸಂಪರ್ಕ ಪೂರ್ತಿ ಕಡಿದರೆ ಕಥೆಯೇ ಬೇರೆ. ಹಳೆಯ 0–90 ಗೇಜಿನ ಮುಳ್ಳು ತುಂಬಿದ ಗೆರೆಯನ್ನೂ ದಾಟಿ ಹೋಗುತ್ತದೆ. ಹೊಸ ಗಾಡಿಗಳ ಕಂಪ್ಯೂಟರ್ ಅಂಥ ಓದನ್ನು ಒಪ್ಪದೆ ಮುಳ್ಳನ್ನು ಖಾಲಿಗೆ ಬೀಳಿಸಿ ಎಚ್ಚರಿಕೆ ದೀಪ ಹಚ್ಚುವುದೂ ಉಂಟು.

ಸೆನ್ಸರ್ ಕಪ್ಲರ್ ಟ್ಯಾಂಕಿನ ಮೇಲೆ, ಚಾಸಿ ಪಕ್ಕದಲ್ಲಿತ್ತು. ಕೀಲಿ ಆಫ್ ಮಾಡಿ ಕಪ್ಲರ್ ಬಿಡಿಸಿ, ಮಲ್ಟಿಮೀಟರನ್ನು 2,000 ಓಮ್ ರೇಂಜಿಗೆ ಇಟ್ಟು, ಟ್ಯಾಂಕ್ ಕಡೆಯ ಸಿಗ್ನಲ್ ಪಿನ್ನಿಗೂ ಸೆನ್ಸರಿನದೇ ಅರ್ಥ್ ಪಿನ್ನಿಗೂ ಹಿಡಿದಾಗ 92 ಬಂತು. ಲೆಕ್ಕ ಹಾಕಿ ನೋಡಿ: 92ರಲ್ಲಿ 40 ಕಳೆದರೆ 52, ಅದನ್ನು 210ರಿಂದ ಭಾಗಿಸಿದರೆ ಶೇಕಡಾ 25. ಸ್ಕ್ಯಾನರ್ ಹೇಳಿದ್ದೂ ಅದನ್ನೇ. ನಿಜವಾಗಿ ಇರಬೇಕಾದದ್ದು ಸುಮಾರು 61. ಬಂಪರ್ ಹಿಡಿದು ಗಾಡಿ ಅಲುಗಾಡಿಸಿದಾಗ ಅಂಕಿ ಒಮ್ಮೆ 140ಕ್ಕೆ ಹಾರಿ ಮತ್ತೆ 92ಕ್ಕೆ ಬಂತು. ಪೆಟ್ರೋಲ್ ತುಳುಕಿದರೆ ಓದು ಮೆಲ್ಲನೆ ತೂಗಬೇಕು, ಹೀಗೆ ಹಾರಬಾರದು.

ಇಷ್ಟಾದ ಮೇಲೂ ಗಾಡಿ ಕಡೆಯ ವೈರಿಂಗ್ ನೋಡದೆ ಬಿಡಬಾರದು. ಅದಕ್ಕೆ ನಾಲ್ಕು ರೆಸಿಸ್ಟರ್ ಸಾಕು: 39, 47, 100 ಮತ್ತು 150 ಓಮ್. ಬಿಚ್ಚಿದ ಕಪ್ಲರಿನ ಗಾಡಿ ಕಡೆಯ ಎರಡು ಪಿನ್‌ಗಳ ನಡುವೆ 39 ಇಟ್ಟಾಗ ಮುಳ್ಳು ಖಾಲಿಗೆ ಇಳಿಯಿತು. 100 ಮತ್ತು 47ನ್ನು ಸಾಲಾಗಿ ಸೇರಿಸಿದಾಗ ಅರ್ಧಕ್ಕೆ ಬಂತು. 150 ಮತ್ತು 100 ಸೇರಿಸಿದಾಗ ಪೂರ್ತಿ ತುಂಬಿತು. ಪ್ರತಿ ಸಲವೂ ಕೀಲಿ ಆಫ್ ಮಾಡಿ ಆನ್ ಮಾಡಿ ಒಂದೆರಡು ನಿಮಿಷ ಕಾಯಬೇಕು. ಪೆಟ್ರೋಲ್ ತುಳುಕಿದಾಗಲೆಲ್ಲ ಮುಳ್ಳು ಕುಣಿಯಬಾರದೆಂದು ಕಂಪ್ಯೂಟರ್ ಬೇಕೆಂದೇ ನಿಧಾನ ಮಾಡುತ್ತದೆ. ಕಾಯದೆ ಇಡೀ ವೈರಿಂಗ್ ಕೆಟ್ಟಿದೆ ಎಂದು ತೀರ್ಮಾನಿಸುವುದು ಸಾಮಾನ್ಯ ತಪ್ಪು. ಕಂಪ್ಯೂಟರ್ ಇರುವ ಗಾಡಿಗೆ ಕಾಲು ವ್ಯಾಟಿನ ರೆಸಿಸ್ಟರ್ ನಡೆಯುತ್ತದೆ. ಹಳೆಯ ಸುರುಳಿ ಗೇಜುಗಳಲ್ಲಿ ಕರೆಂಟ್ ಹೆಚ್ಚು, ಅಲ್ಲಿ 5 ವ್ಯಾಟಿನವು ಬೇಕು.

ಅರ್ಥ್ ಪರೀಕ್ಷೆ ಓಮ್‌ನಲ್ಲಿ ಅಲ್ಲ, ವೋಲ್ಟ್‌ನಲ್ಲಿ. ಕಪ್ಲರ್ ಕೂಡಿಸಿ, ಕೀಲಿ ಆನ್ ಮಾಡಿ, ಪಂಪ್ ಓಡುತ್ತಿರುವಾಗ ಯೂನಿಟ್ಟಿನ ಅರ್ಥ್ ವೈರಿನಿಂದ ಬ್ಯಾಟರಿ ನೆಗೆಟಿವ್‌ಗೆ ಅಳೆಯಬೇಕು. 0.1 ವೋಲ್ಟಿಗಿಂತ ಹೆಚ್ಚಿದ್ದರೆ ಚಾಸಿಯ ಅರ್ಥ್ ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಮತ್ತೆ ಬಿಗಿಯಬೇಕು. ಇಲ್ಲಿ 0.02 ಬಂತು. ಈಗ ಟ್ಯಾಂಕ್ ಬಿಚ್ಚಲು ಕಾರಣ ಸಿಕ್ಕಿತು.

ಬಿಚ್ಚುವ ಮುಂಚೆ ಒಂದು ಪ್ರಯತ್ನ ಮಾಡಿ ನೋಡುವವರಿದ್ದಾರೆ: ಪಾಲಿಈಥರ್‌ಅಮೈನ್ ಇರುವ ಫ್ಯೂಯೆಲ್ ಕ್ಲೀನರ್. ಪೆಟ್ರೋಲಿನ ಗಂಧಕ ಬೆಳ್ಳಿಯ ಸಂಪರ್ಕದ ಮೇಲೆ ಕಟ್ಟಿದ ಕಪ್ಪು ಸಲ್ಫೈಡ್ ಪದರ ತೆಳುವಾಗಿದ್ದರೆ ಒಂದೆರಡು ಟ್ಯಾಂಕ್ ಕಳೆಯುವಷ್ಟರಲ್ಲಿ ಮುಳ್ಳು ಸುಧಾರಿಸಬಹುದು. ಪಟ್ಟಿ ಸವೆದಿದ್ದರೆ ಯಾವ ದ್ರವವೂ ಅದನ್ನು ಮರಳಿ ಕಟ್ಟಿಕೊಡುವುದಿಲ್ಲ. 140ಕ್ಕೆ ಹಾರುವ ಓದು ಸವೆತದ ಲಕ್ಷಣ.

ಪಿಕಪ್ಪಿಗೆ ಒಂದು ಅನುಕೂಲವಿದೆ. ಟ್ಯಾಂಕ್ ಇಳಿಸುವ ಬದಲು ಲೋಡ್ ಬಾಡಿಯನ್ನೇ ಎತ್ತಬಹುದು. ಟ್ಯಾಂಕಿನಲ್ಲಿ 40 ಲೀಟರ್ ಇದ್ದರೂ ಪೆಟ್ರೋಲೊಂದೇ ಸುಮಾರು 30 ಕಿಲೋ, ಅದು ಜ್ಯಾಕಿನ ಮೇಲೆ ತುಳುಕುತ್ತಾ ವಾಲುತ್ತದೆ. ಆರೋ ಎಂಟೋ ಬಾಡಿ ಬೋಲ್ಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟರೆ ತಲೆ ಸವೆಯುವುದಿಲ್ಲ. ಹಿಂದಿನ ದೀಪಗಳ ಕಪ್ಲರ್, ಪೆಟ್ರೋಲ್ ಬಾಯಿಯ ಸ್ಕ್ರೂಗಳು, ಬಾಡಿಗೂ ಚಾಸಿಗೂ ಇರುವ ಅರ್ಥ್ ಪಟ್ಟಿ, ಈ ಮೂರನ್ನೂ ಬಿಚ್ಚಿ ನಾಲ್ಕು ಜನ ಹಿಡಿದರೆ ಬಾಡಿ ಹಿಂದಕ್ಕೆ ಸರಿಯುತ್ತದೆ. ಇಬ್ಬರೇ ಇದ್ದರೆ ಒಂದು ಬದಿಯ ಬೋಲ್ಟ್ ತೆಗೆದು ಇನ್ನೊಂದು ಬದಿ ಸಡಿಲಿಸಿ, ಓರೆಯಾಗಿ ಎತ್ತಿ ಗಟ್ಟಿ ಮರದ ತುಂಡು ಕೊಡಬಹುದು. ಜ್ಯಾಕನ್ನಷ್ಟೇ ನಂಬಿ ಅದರಡಿ ಕೈ ಹಾಕಬಾರದು.

ಬೆಂಕಿಯ ವಿಚಾರದಲ್ಲಿ ರಿಯಾಯಿತಿ ಇಲ್ಲ. ಪಂಪ್ ರಿಲೇ (ಪಂಪಿಗೆ ಕರೆಂಟ್ ಹಾಯಿಸುವ ಸ್ವಿಚ್) ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಲೈನಿನ ಒತ್ತಡ ಇಳಿಯುತ್ತದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತದೆ. ಆದ್ದರಿಂದ ಬಯಲಿನಲ್ಲೇ ಕೆಲಸ, ಬಿಸಿಯಾಗುವ ಬಲ್ಬ್ ದೀಪ ಬೇಡ, ಒಣಪುಡಿಯ ಅಗ್ನಿಶಾಮಕ ಪಕ್ಕದಲ್ಲೇ ಇರಲಿ. ಯೂನಿಟ್ಟಿನ ಲಾಕ್ ರಿಂಗ್ ತಿರುಗಿಸಲು ಉಕ್ಕಿನ ಉಳಿಯಲ್ಲ, ಕಿಡಿ ಹಾರದ ಹಿತ್ತಾಳೆ ಪಂಚ್ ಬಳಸಬೇಕು. ರಿಂಗ್ ಸುತ್ತಲಿನ ಮಣ್ಣನ್ನು ಮೊದಲೇ ಬ್ರಷ್ ಮಾಡಿ ಊದಿ ತೆಗೆಯದಿದ್ದರೆ ಅದಷ್ಟೂ ಟ್ಯಾಂಕಿನೊಳಗೆ ಬೀಳುತ್ತದೆ.

ಯೂನಿಟ್ ಓರೆಯಾಗಿ ಹೊರಬಂತು. ತೋಳು ಬಾಗದಂತೆ ಒಬ್ಬರು ಫ್ಲೋಟ್ ಹಿಡಿದುಕೊಂಡೇ ಇರಬೇಕು. ಹಳೆಯ ಹಿತ್ತಾಳೆ ಫ್ಲೋಟ್ ಆದರೆ ಕಿವಿಯ ಬಳಿ ಅಲುಗಿಸಿ ಕೇಳಬೇಕು, ಒಳಗೆ ತುಳುಕುವ ಸದ್ದಿದ್ದರೆ ಅದು ತೂತಾಗಿ ಮುಳುಗುತ್ತಿದೆ. ಬೆಸುಗೆ ಹಾಕಲು ಹೋಗದೆ ಬದಲಿಸಿಬಿಡಿ. ಈ ಫ್ಲೋಟ್ ಚೆನ್ನಾಗಿತ್ತು. ಮೀಟರ್ ಹಿಡಿದು ತೋಳನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಎತ್ತಿದಾಗ ದೋಷ ಕಣ್ಣಿಗೇ ಬಿತ್ತು. ಮೇಲಿನ ಅರ್ಧದಲ್ಲಿ ಓದು ನಯವಾಗಿ 250ರವರೆಗೆ ಏರಿತು. ಕೆಳಗಿನ ಕಾಲು ಭಾಗದಲ್ಲಿ 92, 140, ನಡುವೆ ಒಮ್ಮೆ ಪೂರ್ತಿ ಕಡಿತ, ಮತ್ತೆ 75. ಬೆರಳಿನಂಥ ಸಂಪರ್ಕ ಕಪ್ಪಾಗಿತ್ತು, ಅದು ಉಜ್ಜುವ ದಾರಿಯಲ್ಲಿ ಪಟ್ಟಿಯ ಗೆರೆಗಳು ಸವೆದಿದ್ದವು. ಇಂಥ ಪರೀಕ್ಷೆಗೆ ಡಿಜಿಟಲ್ ಮೀಟರಿಗಿಂತ ಮುಳ್ಳಿನ ಹಳೆಯ ಮೀಟರ್ ಮೇಲು. ಕ್ಷಣದ ಕಡಿತವೂ ಮುಳ್ಳಿನ ನಡುಕದಲ್ಲಿ ಕಾಣುತ್ತದೆ.

ಎಮರಿ ಪೇಪರಿನಿಂದ ಉಜ್ಜಿದರೆ ತೆಳು ಪಟ್ಟಿ ಇನ್ನೂ ಹೋಗುತ್ತದೆ. ಬೆರಳನ್ನು ಬಗ್ಗಿಸಿ ಒತ್ತು ಹೆಚ್ಚಿಸುವುದೂ ನಾಲ್ಕು ದಿನದ ಉಪಾಯ. ಮಟ್ಟದ ಸೆನ್ಸರ್ ಮಾತ್ರ ಬಿಡಿಯಾಗಿ ಸಿಗುತ್ತಿದ್ದರೆ ಪಂಪ್ ಸಮೇತ ಪೂರ್ತಿ ಯೂನಿಟ್ ಕೊಳ್ಳಬೇಕಾಗಿಲ್ಲ. ಹೊಸ ಸೆನ್ಸರನ್ನು ಡಬ್ಬಿಯಿಂದ ತೆಗೆದ ಕೂಡಲೇ ಎರಡೂ ತುದಿ ಅಳೆದದ್ದಾಯಿತು: 41 ಮತ್ತು 249. ಕೂರಿಸಿದ ಮೇಲೆ ಅದರ ವೈರ್ ತೋಳಿನ ದಾರಿಗೆ ಅಡ್ಡ ಬರುತ್ತಿಲ್ಲವೇ, ಫ್ಲೋಟ್ ಪಂಪಿನ ಹೋಸಿಗೆ ತಾಗುತ್ತಿಲ್ಲವೇ ಎಂದು ನೋಡಿಕೊಳ್ಳಬೇಕು. ಹೊಸ ಸೆನ್ಸರ್ ಹಾಕಿದರೂ ಅರ್ಧದಲ್ಲೇ ನಿಲ್ಲುವ ಮುಳ್ಳಿಗೆ ಇದು ಸಾಮಾನ್ಯ ಕಾರಣ. ಟ್ಯಾಂಕ್ ಬಾಯಿಯ ರಬ್ಬರ್ ರಿಂಗ್ ಹೊಸದೇ ಇರಬೇಕು. ಹಳೆಯದು ಪೆಟ್ರೋಲ್ ಕುಡಿದು ಊದಿಕೊಂಡಿರುತ್ತದೆ, ತನ್ನ ಕೊರಕಲಿನಲ್ಲಿ ಮತ್ತೆ ಕೂರುವುದಿಲ್ಲ.

ಲೋಡ್ ಬಾಡಿ ಕೂರಿಸುವ ಮುಂಚೆಯೇ ರಿಲೇ, ಬ್ಯಾಟರಿ, ಕಪ್ಲರ್ ಕೂಡಿಸಿ, ಪಂಪ್ ಓಡಿಸಿ, ಸೋರಿಕೆ ಇಲ್ಲವೆಂದು ಖಚಿತ ಮಾಡಿಕೊಂಡದ್ದಾಯಿತು. ಸ್ಕ್ಯಾನರ್ ಶೇಕಡಾ 9 ತೋರಿಸಿತು. ಕೋಡ್ ಅಳಿಸಿ, ಬಾಡಿ ಬಿಗಿದು, ಕೀಲಿ ಆಫ್ ಮಾಡಿ 10 ಲೀಟರ್ ಹಾಕುವುದು, ಆನ್ ಮಾಡಿ ಓದು ಬರೆದುಕೊಳ್ಳುವುದು, ಹೀಗೇ 60 ಲೀಟರಿನವರೆಗೆ ನಡೆಯಿತು. ಕೀಲಿ ಆನ್ ಇಟ್ಟು ತುಂಬಿಸಿದರೆ ಎಷ್ಟೋ ಗಾಡಿಗಳಲ್ಲಿ ಮುಳ್ಳು ಏರಲು ಬಹಳ ಹೊತ್ತು ಹಿಡಿಯುತ್ತದೆ, ಕೆಲಸ ಕೆಟ್ಟಿತೆಂದು ವೃಥಾ ಗಾಬರಿ. ಬಂದ ಓದುಗಳು 19, 29, 41, 52, 62. ಟ್ಯಾಂಕ್ ನೇರ ಪೆಟ್ಟಿಗೆಯಲ್ಲ, ಮೇಲೆ ಕೆಳಗೆ ಅಗಲ ಬೇರೆ, ಆದ್ದರಿಂದ ಒಂದೆರಡು ಅಂಕದ ವ್ಯತ್ಯಾಸ ಸಹಜ. ಆ ಚೀಟಿಯನ್ನು ಗ್ಲೋವ್ ಬಾಕ್ಸಿನ ಒಳಬದಿಗೆ ಅಂಟಿಸಲಾಯಿತು. ಮುಂದೆ ಎಂದಾದರೂ 10 ಲೀಟರಿಗೆ ಮತ್ತೆ 25 ಬಂದರೆ ತಾಳೆ ನೋಡಲು ಬೇಕಾಗುತ್ತದೆ.